ಸದಿಶದ ಆದ್ಯಂತ ಬಿಂದುಗಳು

ಹೊಸಪೇಟೆಯಿಂದ ಕಮಲಾಪುರಕ್ಕೆ ಹೋಗುವ ಹಾದಿಯಲ್ಲಿ ಅನಂತಶಯನಗುಡಿಯನ್ನು ದಾಟಿದರೆ ಮಲಪನಗುಡಿ ಸಿಗುತ್ತದೆ. ಅಲ್ಲಿಯ ಗುಡಿಯ ಬಾಗಿಲಲ್ಲಿ ನಿಂತವನಿಗೆ "ಪೂರ್ವಕ್ಕೆ 4 ಸರಪಳಿ, ಉತ್ತರಕ್ಕೆ 3 ಸರಪಳಿ ನಡೆ" ಎಂದು ಹೇಳಿದರೆ ಅವನು ಒಂದು ನಿಶ್ಚಿತ ಸ್ಥಳವನ್ನೇ ಸೇರುತ್ತಾನೆ. ಇದೇ ಮಾತನ್ನು ಕಾಗದದಲ್ಲಿ ಬರೆದು ಕಂಪ್ಲಿಗೆ ಕಳುಹಿಸಿದರೆ ಓದಿದವನು ಕಂಪ್ಲಿಯ ಯಾವುದೋ ಹೊಲದಲ್ಲಿ ಹೋಗಿ ನಿಲ್ಲುವನು. ಮಾತಿನಲ್ಲಿ ದೋಷವಿಲ್ಲ, ಎಲ್ಲಿಂದ ಹೊರಡಬೇಕೆಂಬುದು ಮಾತ್ರ ಅದರಲ್ಲಿಲ್ಲ.

ಪರಿಮಾಣದೊಡನೆ ದಿಕ್ಕನ್ನೂ ಉಳ್ಳ ರಾಶಿಯೇ ಸದಿಶ. ಮೇಲಿನ 4 ಮತ್ತು 3 ಅದರ ಘಟಕಗಳು. ಪ್ರಾಚೀನ ಗಣಿತಜ್ಞರ ಮಾತಿನಲ್ಲಿ ಇವು ಭುಜ, ಕೋಟಿ. ಇವುಗಳಿಂದ ದೊರೆಯುವ ಕರ್ಣ 5 ಸರಪಳಿ, ಎಂದರೆ 330 ಅಡಿ. ಘಟಕಗಳಿಂದ ಉದ್ದವೂ ದಿಕ್ಕೂ ತಿಳಿಯುತ್ತವೆ, ನೆಲೆ ತಿಳಿಯುವುದಿಲ್ಲ.

ಗುಡಿಯ ಬಾಗಿಲನ್ನೇ ಮೂಲಬಿಂದುವೆಂದು ಭಾವಿಸೋಣ. ಸದಿಶದ ಆದಿಬಿಂದು (2, 5) ಆಗಿದ್ದರೆ ಘಟಕಗಳನ್ನು ಕೂಡಿಸಬೇಕು: ಅಂತ್ಯಬಿಂದು (6, 8). ಅಂತ್ಯಬಿಂದುವೇ ಗೊತ್ತಿದ್ದರೆ ಅದರಿಂದ ಘಟಕಗಳನ್ನು ಕಳೆಯಬೇಕು. ಮಧ್ಯಬಿಂದು ಗೊತ್ತಿದ್ದರೆ ಘಟಕಗಳ ಅರ್ಧವನ್ನು ಕಳೆದರೆ ಆದಿ, ಕೂಡಿಸಿದರೆ ಅಂತ್ಯ. ಪಶ್ಚಿಮ, ದಕ್ಷಿಣಗಳ ಘಟಕ ಋಣವಾದುದರಿಂದ ಅಲ್ಲಿ ವಿದ್ಯಾರ್ಥಿಗಳು ಎಡವುವುದುಂಟು. ಘಟಕ (−4, 3), ಅಂತ್ಯ (6, 8) ಆದಾಗ ಆದಿಬಿಂದು (10, 5). ಋಣವನ್ನು ಕಳೆದರೆ ಧನವಾಗುತ್ತದೆ.

ಇದಕ್ಕಿಂತ ಹಿರಿದಾದ ತಪ್ಪು ಮತ್ತೊಂದಿದೆ. ಪಾಠದ ಆರಂಭದಲ್ಲಿ ಪ್ರತಿಯೊಂದು ಸದಿಶವನ್ನೂ ಮೂಲಬಿಂದುವಿನಿಂದಲೇ ಎಳೆದು ತೋರಿಸುವುದರಿಂದ, ಘಟಕಗಳೇ ಅಂತ್ಯಬಿಂದುವೆಂದು ಮಕ್ಕಳು ನಂಬಿಬಿಡುತ್ತಾರೆ. ಆದಿಬಿಂದು (0, 0) ಆದಾಗ ಮಾತ್ರ ಅದು ನಿಜ. ಯಾವ ಬಿಂದುವನ್ನೂ ಕೊಡದೆ ಘಟಕಗಳನ್ನಷ್ಟೇ ಕೊಟ್ಟರೆ (x, y) ಆದಿ, (x+4, y+3) ಅಂತ್ಯ ಎನ್ನುವುದೇ ಸರಿಯುತ್ತರ; ಅಂಥ ಜೋಡಿಗಳು ಅಸಂಖ್ಯ.

ವ್ಯಾಕರಣವನ್ನು ಬಲ್ಲವರಿಗೆ ಇದು ಹೊಸತಲ್ಲ. ಹೊಸಗನ್ನಡದ ಪಂಚಮೀ ಪ್ರತ್ಯಯ 'ದೆಸೆಯಿಂದ'. ದೆಸೆ ಎಂದರೆ ದಿಶೆ. ಸದಿಶದಲ್ಲಿ ಇರುವುದೂ ಅದೇ ಪದ. ಆದರೆ ಬರಿಯ ದೆಸೆಯಿಂದ ಅಪಾದಾನ ಸಿದ್ಧಿಸದು; 'ಗುಡಿಯ ದೆಸೆಯಿಂದ' ಎಂದು ಹೊರಟ ನೆಲೆಯ ಹೆಸರು ಅದರ ಹಿಂದೆ ನಿಲ್ಲಬೇಕು. ಘಟಕಗಳ ವಾಕ್ಯದಲ್ಲಿ ಲೋಪವಾಗಿರುವುದು ಈ ಪದವೇ.

ಹೊಲದ ಗಡಿಕಲ್ಲುಗಳು ಕಿತ್ತುಹೋದಾಗ ರೈತನಿಗೆ ಒದಗುವ ಸಂಕಟವೂ ಇಂಥದೇ. ನಕ್ಷೆಯಲ್ಲಿ ಭುಜಗಳ ಅಳತೆ ಸರಿಯಾಗಿಯೇ ಇರುತ್ತದೆ; ಆದರೂ ಆ ಆಕಾರವನ್ನು ನೆರೆಯವನ ಕಬ್ಬಿನ ಗದ್ದೆಯೊಳಕ್ಕೆ ಸರಿಸಿಟ್ಟರೆ ನಕ್ಷೆ ಬೇಡವೆನ್ನದು. ಆದುದರಿಂದ ಅಳೆಯುವವನು ಮೊದಲು ಕದಲದೆ ಉಳಿದ ಕಲ್ಲನ್ನು ಹುಡುಕುತ್ತಾನೆ. ದಿಕ್ಕು ಖಚಿತವಾಗಿದ್ದರೆ ಒಂದು ಕಲ್ಲು ಸಾಕು. ಇಲ್ಲವಾದರೆ ಎರಡು ಬೇಕು. ಒಂದೇ ಕಲ್ಲಿನ ಸುತ್ತ ಇಡೀ ಹೊಲವೇ ತಿರುಗಿಬಿಡಬಹುದು.