ಲಾಂಗ್ ಆರ್ಮ್ ಲಿಫ್ಟ್: ಜೀಪು ಎತ್ತರಿಸೋ ಲೆಕ್ಕ ಮತ್ತು ಕಾನೂನು ಕೇಳದ ಪ್ರಶ್ನೆ

ಒಂದು ಜೀಪನ್ನು ನಾಲ್ಕು ಇಂಚು ಎತ್ತರಿಸೋಕೆ ಎರಡು ದಾರಿ ಇದೆ. ಒಂದು, ಸ್ಪ್ರಿಂಗ್ ಮೇಲೆ ಸ್ಪೇಸರ್ ಇಟ್ಟು ಅಥವಾ ಉದ್ದದ ಸ್ಪ್ರಿಂಗ್ ಹಾಕಿ, ಉಳಿದದ್ದನ್ನು ಹಾಗೇ ಬಿಡೋದು. ಅರ್ಧ ದಿನದ ಕೆಲಸ. ಇನ್ನೊಂದು, ಚಕ್ರವನ್ನು ಹಿಡಿದಿಟ್ಟಿರೋ ತೋಳುಗಳನ್ನೇ ಬದಲಿಸಿ, ಛಾಸಿಗೆ ಹೊಸ ಬ್ರಾಕೆಟ್ ಬೆಸೆದು, ಇಡೀ ಜ್ಯಾಮಿತಿಯನ್ನು ಹೊಸದಾಗಿ ಕಟ್ಟೋದು. ಇದಕ್ಕೆ ಲಾಂಗ್ ಆರ್ಮ್ ಲಿಫ್ಟ್ ಅಂತಾರೆ. ವಾರಗಟ್ಟಲೆ ಹಿಡಿಯುತ್ತೆ, ದುಬಾರಿ, ಮಾಡಬಲ್ಲವರೂ ಕಡಿಮೆ.

ಇನ್‌ಸ್ಟಾಗ್ರಾಮ್ ಫೋಟೋದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ನಮ್ಮ ಮೋಟಾರು ವಾಹನ ಕಾಯ್ದೆಗೂ ಎರಡೂ ಒಂದೇ. ಆದ್ರೆ ಹೆದ್ದಾರಿಯಲ್ಲಿ ಎಂಬತ್ತರ ವೇಗದಲ್ಲಿ ಬ್ರೇಕ್ ಒತ್ತಿದಾಗ ಎರಡೂ ಒಂದೇ ಅಲ್ಲ. ಈ ಗಾಡಿಯ ಪಕ್ಕದಲ್ಲಿ ಬೈಕಲ್ಲಿ ಹೋಗ್ತಿರೋರಿಗೆ, ಅಂದ್ರೆ ನಿಮಗೂ ನನಗೂ ಆ ವ್ಯತ್ಯಾಸ ಮುಖ್ಯ. ಅದಕ್ಕೇ ಇದನ್ನ ಬರೀ ಶ್ರೀಮಂತರ ಶೋಕಿ ಅಂತ ಬದಿಗಿಡದೆ, ಬಿಚ್ಚಿ ನೋಡೋಣ ಅಂತ ಹೊರಟೆ.

ತೋಳು ಅಂದ್ರೆ ಯಾವುದು?

ಈ ಲಿಫ್ಟ್ ಹುಟ್ಟಿದ್ದು ಅಮೆರಿಕದ ಜೀಪ್ ಜಗತ್ತಿನಲ್ಲಿ. ಯೂಟಾದ ಮೋಆಬ್ ಬಂಡೆಗಳು, ಕ್ಯಾಲಿಫೋರ್ನಿಯಾದ ರೂಬಿಕಾನ್ ಟ್ರೇಲ್ ಅಲ್ಲಿನ ಆಫ್‌ರೋಡ್ ಮಂದಿಯ ತೀರ್ಥಕ್ಷೇತ್ರಗಳು. 1997ರಿಂದ 2006ರವರೆಗೆ ಬಂದ ಜೀಪ್ ರಾಂಗ್ಲರ್ ಟಿಜೆ ಮಾದರಿಯನ್ನೇ ಉದಾಹರಣೆಯಾಗಿ ತಗೊಳ್ಳೋಣ. ಅದಕ್ಕೂ ಹಿಂದಿನ ರಾಂಗ್ಲರ್‌ಗೆ ಕಮಾನು ಪಟ್ಟಿ, ಅಂದ್ರೆ ನಮ್ಮ ಲಾರಿಗಳಲ್ಲಿ ಇರೋ ಥರದ್ದು. ಟಿಜೆಗೆ ನಾಲ್ಕೂ ಚಕ್ರಕ್ಕೆ ಕಾಯಿಲ್ ಸ್ಪ್ರಿಂಗ್ ಬಂತು.

ಇಲ್ಲೊಂದು ಸೂಕ್ಷ್ಮ ಇದೆ. ಕಮಾನು ಪಟ್ಟಿ ತೂಕವನ್ನೂ ಹೊರುತ್ತೆ, ಆಕ್ಸಲ್ ಹಿಂದೆ ಮುಂದೆ ಸರಿಯದ ಹಾಗೂ ಹಿಡಿಯುತ್ತೆ. ಕಾಯಿಲ್ ಸ್ಪ್ರಿಂಗ್ ತೂಕ ಮಾತ್ರ ಹೊರುತ್ತೆ. ಆಕ್ಸಲ್ ಜಾಗ ಬಿಟ್ಟು ಹೋಗದ ಹಾಗೆ ಹಿಡಿಯೋಕೆ ಬೇರೆ ಏನಾದರೂ ಬೇಕು. ಆ ಕೆಲಸ ಮಾಡೋವೇ ಕಂಟ್ರೋಲ್ ಆರ್ಮ್‌ಗಳು: ಪ್ರತಿ ಆಕ್ಸಲ್‌ಗೆ ನಾಲ್ಕು ಉಕ್ಕಿನ ತೋಳು, ಒಂದು ತುದಿ ಆಕ್ಸಲ್‌ಗೆ, ಇನ್ನೊಂದು ಛಾಸಿಗೆ. ಇದರ ಜೊತೆಗೆ ಆಕ್ಸಲ್ ಎಡಬಲಕ್ಕೆ ಜಾರದ ಹಾಗೆ ಅಡ್ಡಲಾಗಿ ಒಂದು ಟ್ರ್ಯಾಕ್ ಬಾರ್. ನೀವು ಬ್ರೇಕ್ ಒತ್ತಿದಾಗ, ಗುಂಡಿಗೆ ಬಿದ್ದಾಗ, ಇಡೀ ಗಾಡಿಯ ನೂಕಾಟವೆಲ್ಲ ಈ ತೋಳುಗಳ ಮೂಲಕವೇ ಸಾಗಬೇಕು.

ಕಂಪನಿಯಿಂದ ಬಂದಾಗ ಈ ತೋಳುಗಳು ಗಿಡ್ಡ, ಹೆಚ್ಚುಕಡಿಮೆ 40 ಸೆಂಟಿಮೀಟರ್. ನೆಲಕ್ಕೆ ಬಹುತೇಕ ಸಮಾನಾಂತರವಾಗಿ ಮಲಗಿರುತ್ತವೆ. ಆ ಎತ್ತರಕ್ಕೆ ಅವು ಸರಿಯಾಗೇ ಇವೆ.

ಎತ್ತರಿಸಿದಾಗ ಏನಾಗುತ್ತೆ?

ಈಗ ಗಾಡಿಯನ್ನು 10 ಸೆಂಟಿಮೀಟರ್, ಅಂದ್ರೆ ನಾಲ್ಕು ಇಂಚು ಎತ್ತರಿಸಿ. ಛಾಸಿ ಮೇಲೆ ಹೋಯ್ತು, ಆಕ್ಸಲ್ ಕೆಳಗೇ ಉಳೀತು. ಮಲಗಿದ್ದ ತೋಳು ಈಗ ಇಳಿಜಾರು. ಎಸ್‌ಎಸ್‌ಎಲ್‌ಸಿ ತ್ರಿಕೋನಮಿತಿ ಸಾಕು: 40 ಸೆಂ.ಮೀ. ತೋಳು 10 ಸೆಂ.ಮೀ. ಇಳಿದರೆ ಕೋನ ಸುಮಾರು 14.5 ಡಿಗ್ರಿ. ಅದೇ ತೋಳು 85 ಸೆಂ.ಮೀ. ಉದ್ದ ಇದ್ದಿದ್ದರೆ ಕೋನ 7 ಡಿಗ್ರಿಗಿಂತ ಕಡಿಮೆ.

ಬಂಡೆ ಹತ್ತುವಾಗ ಒಂದು ಚಕ್ರ ಇನ್ನೂ 10 ಸೆಂ.ಮೀ. ಕೆಳಗಿಳಿಯಿತು ಅಂದ್ಕೊಳ್ಳಿ. ಗಿಡ್ಡ ತೋಳು ಈಗ 30 ಡಿಗ್ರಿ ವಾಲಿದೆ. ತೋಳಿನ ತುದಿ ವೃತ್ತದಲ್ಲಿ ತಿರುಗೋದರಿಂದ ಆಕ್ಸಲ್ ಕೆಳಗಿಳಿಯೋದರ ಜೊತೆಗೆ ಐದು ಸೆಂ.ಮೀ.ಗಿಂತ ಹೆಚ್ಚು ಅಡ್ಡಡ್ಡ ಸರಿದಿದೆ. ಉದ್ದ ತೋಳಿನಲ್ಲಿ ಈ ಸರಿತ ಎರಡೂವರೆ ಸೆಂ.ಮೀ.ಗಿಂತ ಕಡಿಮೆ. ಬಾವಿಯ ಹಗ್ಗ ಉದ್ದ ಇದ್ದಷ್ಟೂ ಕೊಡ ತೂಗಾಡೋ ಕಮಾನು ಚಪ್ಪಟೆಯಾಗೋ ಹಾಗೆ. ಲಾಂಗ್ ಆರ್ಮ್‌ನ ಇಡೀ ತರ್ಕ ಇಷ್ಟೇ.

ಈ ಕೋನದಿಂದ ಮೂರು ತೊಂದರೆ ಹುಟ್ಟುತ್ತವೆ.

ಮೊದಲನೆಯದು, ಹೊಡೆತ. ಮುಂದಿನ ಆಕ್ಸಲ್‌ನ ತೋಳುಗಳು ಹಿಂದಕ್ಕೆ ಛಾಸಿಗೆ ಕೂಡಿರುತ್ತವೆ. ತೋಳು ಕಡಿದಾಗಿ ಇಳಿದಿದ್ದರೆ, ಚಕ್ರ ಉಬ್ಬಿಗೆ ಬಡಿದಾಗ ಮೇಲೆ ಹೋಗೋ ಜೊತೆಗೆ ಮುಂದಕ್ಕೂ, ಅಂದ್ರೆ ಉಬ್ಬಿನ ಕಡೆಗೇ ಹೋಗಬೇಕಾಗುತ್ತೆ. ನೂಕು ನೇರವಾಗಿ ಛಾಸಿಗೆ. ಲಿಫ್ಟ್ ಮಾಡಿಸಿದ ಮೇಲೆ ಪ್ರತಿ ಹಂಪ್‌ನಲ್ಲೂ ಬೆನ್ನು ಮುರಿಯುತ್ತೆ ಅನ್ನೋರು ಸ್ಪ್ರಿಂಗ್ ಗಟ್ಟಿಯಾಯ್ತು ಅಂದ್ಕೋತಾರೆ; ಬಹಳ ಸಲ ಕಾರಣ ತೋಳಿನ ಕೋನ.

ಎರಡನೆಯದು, ಕ್ಯಾಸ್ಟರ್. ಸೈಕಲ್ಲಿನ ಮುಂದಿನ ಫೋರ್ಕ್ ನೆಟ್ಟಗಿರದೆ ಸ್ವಲ್ಪ ವಾಲಿರುತ್ತಲ್ಲ, ಅದರಿಂದಲೇ ಸೈಕಲ್ ತಾನಾಗೇ ನೇರ ಓಡೋದು. ಜೀಪಿನ ಸ್ಟೀರಿಂಗ್‌ಗೂ ಅಂಥದ್ದೇ ವಾಲು ಇದೆ. ತೋಳುಗಳ ಕೋನ ಬದಲಾದರೆ ಆಕ್ಸಲ್ ತಿರುಚಿ ಈ ವಾಲು ಕಮ್ಮಿಯಾಗುತ್ತೆ. ಸ್ಟೀರಿಂಗ್ ಅಲೆದಾಡೋಕೆ ಶುರು. ಇದರ ಜೊತೆ ಟ್ರ್ಯಾಕ್ ಬಾರ್‌ನ ಬುಷ್ ಸವೆದಿದ್ದರೆ ಒಂದು ಸಣ್ಣ ಗುಂಡಿ ಸಾಕು, ಇಡೀ ಮುಂಭಾಗ ಜೋರಾಗಿ ನಡುಗುತ್ತೆ. ಜೀಪ್ ಮಂದಿ ಇದನ್ನ ಡೆತ್ ವಾಬಲ್ ಅಂತಾರೆ. ವೇಗ ಇಳಿಸದ ಹೊರತು ಅದು ನಿಲ್ಲಲ್ಲ.

ಮೂರನೆಯದು, ಬಂಪ್ ಸ್ಟೀರ್. ಟ್ರ್ಯಾಕ್ ಬಾರ್ ಮತ್ತು ಸ್ಟೀರಿಂಗಿನ ಡ್ರ್ಯಾಗ್ ಲಿಂಕ್ ಒಂದಕ್ಕೊಂದು ಸಮಾನಾಂತರ ಇರಬೇಕು. ಎತ್ತರಿಸುವಾಗ ಒಂದನ್ನು ಸರಿಮಾಡಿ ಇನ್ನೊಂದನ್ನು ಬಿಟ್ಟರೆ, ನೀವು ಸ್ಟೀರಿಂಗ್ ತಿರುಗಿಸದಿದ್ದರೂ ಉಬ್ಬು ತಗ್ಗಿಗೆ ಗಾಡಿ ತಾನೇ ತಿರುಗುತ್ತೆ.

ಕೂರಿಸೋ ಕೆಲಸ

ಬೆಂಗಳೂರಿನ ಒಂದು ಸಣ್ಣ ಗ್ಯಾರೇಜ್‌ನಲ್ಲಿ ಈ ಕೆಲಸ ನಡೀತಿದ್ದಾಗ ಎರಡು ದಿನ ನಿಂತು ನೋಡಿದೀನಿ. ಕ್ರಮ ಹೀಗೆ.

ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಎತ್ತಿ, ಛಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಡ್ತಾರೆ. ಬರೀ ಜಾಕ್ ನಂಬಿ ಅಡಿಗೆ ಹೋಗೋದು ಆತ್ಮಹತ್ಯೆ. ವೆಲ್ಡಿಂಗ್ ಇರೋದರಿಂದ ಬ್ಯಾಟರಿ ಬಿಚ್ಚಬೇಕು, ಇಂಧನದ ಪೈಪು, ಬ್ರೇಕ್ ಪೈಪು, ವೈರುಗಳನ್ನು ಸರಿಸಿ ಮುಚ್ಚಬೇಕು. ಆಮೇಲೆ ಹಳೆ ಸ್ಪ್ರಿಂಗ್, ಶಾಕ್, ತೋಳು ಬಿಚ್ಚಿ, ಛಾಸಿಯ ಮೇಲಿದ್ದ ಹಳೆ ಬ್ರಾಕೆಟ್‌ಗಳನ್ನು ಗ್ರೈಂಡರ್‌ನಲ್ಲಿ ಕತ್ತರಿಸಬೇಕು. ಇಲ್ಲಿಂದ ಮುಂದೆ ವಾಪಸ್ ಹೋಗೋ ದಾರಿ ಇಲ್ಲ.

ಹೊಸ ತೋಳು ಉದ್ದ ಇರೋದರಿಂದ ಅದರ ಛಾಸಿ ತುದಿ ಗಾಡಿಯ ನಡುವಿನ ತನಕ ಬರುತ್ತೆ. ಅಲ್ಲಿಗೆ ಹೊಸ ಬ್ರಾಕೆಟ್, ಎಷ್ಟೋ ಕಿಟ್‌ಗಳಲ್ಲಿ ಗೇರ್‌ಬಾಕ್ಸ್ ಹೊರೋ ಅಡ್ಡತೊಲೆಯೇ ಹೊಸದು. ಎಡ ಬಲ ಅಳತೆ ಒಂದೇ ಇದೆಯಾ ಅಂತ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ನೋಡಬೇಕು. ಕೆಲವು ಮಿಲಿಮೀಟರ್ ತಪ್ಪಿದರೂ ಆಕ್ಸಲ್ ಸೊಟ್ಟ, ಗಾಡಿ ಏಡಿ ಥರ ಓಡುತ್ತೆ. ಮೊದಲು ಚುಕ್ಕೆ ಬೆಸುಗೆ, ಮತ್ತೆ ಅಳತೆ, ಆಮೇಲೆ ಪೂರ್ತಿ ಬೆಸುಗೆ. ಬಣ್ಣ, ತುಕ್ಕು ಪೂರ್ತಿ ಕೆರೆಯದೆ ಬೆಸೆದರೆ ನೋಡೋಕೆ ಚೆನ್ನಾಗಿರುತ್ತೆ, ಹಿಡಿದಿರಲ್ಲ.

ಸ್ಪ್ರಿಂಗ್ ಹಾಕೋ ಮುಂಚೆ ಆಕ್ಸಲ್ಲನ್ನು ಪೂರ್ತಿ ಮೇಲಕ್ಕೆ, ಪೂರ್ತಿ ಕೆಳಕ್ಕೆ, ಒಂದು ಕಡೆ ಮೇಲೆ ಇನ್ನೊಂದು ಕಡೆ ಕೆಳಗೆ ಆಡಿಸಿ ನೋಡಬೇಕು. ಟೈರ್ ಎಲ್ಲಿ ತಾಗುತ್ತೆ, ಬ್ರೇಕ್ ಹೋಸ್ ಎಳೆಯುತ್ತಾ, ಡ್ರೈವ್‌ಶಾಫ್ಟ್ ಕೋನ ಎಷ್ಟು, ಎಲ್ಲ ಗೊತ್ತಾಗೋದು ಇಲ್ಲೇ. ಎತ್ತರಿಸಿದ ಟಿಜೆಯಲ್ಲಿ ಹಿಂದಿನ ಡ್ರೈವ್‌ಶಾಫ್ಟ್ ಗಿಡ್ಡವಾಗಿದ್ದು ಕಡಿದಾಗುತ್ತೆ. ಅದಕ್ಕೇ ಸ್ಲಿಪ್ ಯೋಕ್ ತೆಗೆದು ಜೋಡಿ ಕೀಲಿನ ಶಾಫ್ಟ್ ಹಾಕ್ತಾರೆ. ಬ್ರೇಕ್ ಹೋಸ್ ಉದ್ದ ಮಾಡಬೇಕು, ಬಂಪ್ ಸ್ಟಾಪ್ ಹೊಸದು ಬೇಕು, ಟ್ರ್ಯಾಕ್ ಬಾರ್ ಹೊಂದಿಸಿಕೊಳ್ಳೋ ಥರದ್ದು ಬೇಕು.

ಕೊನೆಗೆ ಬಹಳ ಜನ ಬಿಟ್ಟುಬಿಡೋ ಒಂದು ಹೆಜ್ಜೆ. ರಬ್ಬರ್ ಬುಷ್ ಇರೋ ಬೋಲ್ಟ್‌ಗಳನ್ನು ಗಾಡಿ ಚಕ್ರದ ಮೇಲೆ ನಿಂತು, ತನ್ನ ತೂಕ ತಾನೇ ಹೊತ್ತಿರುವಾಗಲೇ ಬಿಗಿಮಾಡಬೇಕು. ಗಾಡಿ ನೇತಾಡ್ತಿರುವಾಗ ಬಿಗಿ ಮಾಡಿದರೆ ಇಳಿಸಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡಿರುತ್ತೆ, ಬೇಗ ಹರಿಯುತ್ತೆ. ಆಮೇಲೆ ಅಲೈನ್‌ಮೆಂಟ್, ಕ್ಯಾಸ್ಟರ್ ಅಳತೆ, ಸ್ವಲ್ಪ ದೂರ ಓಡಿಸಿ ಎಲ್ಲ ಬೋಲ್ಟ್ ಮತ್ತೆ ಟಾರ್ಕ್ ವ್ರೆಂಚ್‌ನಲ್ಲಿ ನೋಡೋದು.

ನಾನು ನೋಡಿದ ಗ್ಯಾರೇಜ್‌ನಲ್ಲಿ ಬೆಸೆಯುತ್ತಿದ್ದ ಹುಡುಗನ ಕೈ ಪಳಗಿತ್ತು. ಅವನ ಹತ್ತಿರ ಇರದಿದ್ದದ್ದು ಒಂದು ನಕ್ಷೆ, ಒಂದು ಸರಿಯಾದ ಮುಖಕವಚ ಮತ್ತು ಅವನ ಬೆಸುಗೆಯನ್ನು ಪರೀಕ್ಷಿಸಬಲ್ಲ ಯಾರಾದರೂ ಒಬ್ಬರು.

ಉದ್ದ ತೋಳು ಎಲ್ಲವನ್ನೂ ಸರಿಮಾಡಲ್ಲ

ಎತ್ತರಿಸಿದ ಗಾಡಿ ಪಲ್ಟಿಯಾಗೋ ಸಾಧ್ಯತೆ ಹೆಚ್ಚು. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಇದಕ್ಕೊಂದು ಸರಳ ಸೂತ್ರ ಬಳಸುತ್ತೆ: ಎಡ ಬಲ ಚಕ್ರಗಳ ನಡುವಿನ ಅಗಲದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸೋದು. ಉದಾಹರಣೆಗೆ ಅಗಲ 1.5 ಮೀಟರ್, ಗುರುತ್ವ ಕೇಂದ್ರ 70 ಸೆಂ.ಮೀ. ಇದ್ದರೆ ಉತ್ತರ 1.07. ಲಿಫ್ಟ್‌ನಿಂದ ಗುರುತ್ವ ಕೇಂದ್ರ 8 ಸೆಂ.ಮೀ. ಮೇಲೇರಿದರೆ 0.96. ಸಂಖ್ಯೆ ಇಳಿದಷ್ಟೂ ಪಲ್ಟಿ ಸುಲಭ. ತೋಳು ಎಷ್ಟೇ ಉದ್ದ ಇರಲಿ, ಈ ಲೆಕ್ಕ ಬದಲಾಗಲ್ಲ. ಬಾನೆಟ್ ಮುಂದೆ ಕಾಣದ ಜಾಗ ಹೆಚ್ಚಾಗುತ್ತೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತೆ. ಉದ್ದ ತೋಳುಗಳು ಹೊಟ್ಟೆಯ ಕೆಳಗೆ ನೇತಾಡೋದರಿಂದ ಬಂಡೆಗೆ ಸಿಕ್ಕಿಕೊಳ್ಳೋದೂ ಉಂಟು.

ನಮ್ಮಲ್ಲಿ ಓಡೋ ಗಾಡಿಗಳಿಗೆ ಇದು ಎಷ್ಟು ಹೊಂದುತ್ತೆ? ಈಗಿನ ರಾಂಗ್ಲರ್‌ಗೆ ಎರಡೂ ಆಕ್ಸಲ್ ಗಟ್ಟಿ, ತೋಳುಗಳಿವೆ, ಹೊಂದುತ್ತೆ. 2023ರಲ್ಲಿ ಬಂದ ಜಿಮ್ನಿಗೂ ಗಟ್ಟಿ ಆಕ್ಸಲ್ ಮತ್ತು ತೋಳುಗಳಿವೆ. ಆದ್ರೆ 2020ರ ಹೊಸ ಥಾರ್‌ಗೆ ಮುಂದೆ ಸ್ವತಂತ್ರ ಸಸ್ಪೆನ್ಷನ್. ಅಲ್ಲಿ ಈ ಲೆಕ್ಕವೇ ಬೇರೆ. ಮಲೆನಾಡಿನ ಎಸ್ಟೇಟ್‌ಗಳಲ್ಲಿ ಕಾರ್ಮಿಕರನ್ನೂ ಮೂಟೆಯನ್ನೂ ಹೊರೋ ಹಳೆ ಎಂಎಂ 540, ಜಿಪ್ಸಿಗಳಿಗೆ ಇರೋದು ಕಮಾನು ಪಟ್ಟಿ. ಅವಕ್ಕೆ ಲಾಂಗ್ ಆರ್ಮ್ ಬೇಕಿಲ್ಲ. ಒಂದು ಪಟ್ಟಿ ಹೆಚ್ಚಿಗೆ ಹಾಕಿಸಿಕೊಂಡು ದಶಕಗಳಿಂದ ಓಡ್ತಿವೆ.

ಕಾನೂನು ಏನನ್ನುತ್ತೆ?

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಗಿಂತ ಬೇರೆಯಾಗೋ ಹಾಗೆ ಮಾಲೀಕರು ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನ ಬಿಗಿಯಾಗಿ ಓದಿತು: ಬಣ್ಣ ಬದಲಿಸೋದು, ಸಣ್ಣಪುಟ್ಟ ಜೋಡಣೆ ಸರಿ, ಮೂಲ ರಚನೆ ಮುಟ್ಟುವಂತಿಲ್ಲ. ಅದೇ ವರ್ಷದ ತಿದ್ದುಪಡಿ 182ಎ ಸೆಕ್ಷನ್ ತಂತು. ಅನುಮತಿ ಇಲ್ಲದ ಮಾರ್ಪಾಡು ಮಾಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ.

ಛಾಸಿ ಕತ್ತರಿಸಿ ಬೆಸೆಯೋ ಲಾಂಗ್ ಆರ್ಮ್ ಲಿಫ್ಟ್ ಈ ಓದಿನಲ್ಲಿ ಉಳಿಯಲ್ಲ. ಖಾಸಗಿ ಜಮೀನಿನ ಆಫ್‌ರೋಡ್ ಟ್ರ್ಯಾಕ್‌ಗೆ ಟ್ರಕ್ಕಿನಲ್ಲಿ ಸಾಗಿಸಿ ಓಡಿಸೋರ ಮಾತು ಬೇರೆ. ಸಾರ್ವಜನಿಕ ರಸ್ತೆಗೆ ಬಂದರೆ ಅಪಘಾತವಾದಾಗ ವಿಮೆ ಕಂಪನಿ ತಕರಾರು ತೆಗೆಯೋಕೆ ಇದೊಂದು ನೆಪ ಸಾಕು. ಆಗ ಪರದಾಡೋದು ಗಾಡಿ ಮಾಲೀಕ ಮಾತ್ರ ಅಲ್ಲ, ಪೆಟ್ಟು ತಿಂದವರೂ ಹೌದು.

ನನ್ನ ತಕರಾರು ನಿಯಂತ್ರಣದ ಮೇಲಲ್ಲ. ರಸ್ತೆ ಎಲ್ಲರದ್ದು, ನಿಯಂತ್ರಣ ಬೇಕೇ ಬೇಕು. ಆದ್ರೆ ನಮ್ಮ ಕಾನೂನು ಮಾರ್ಪಾಡು ಆಗಿದೆಯಾ ಅಂತ ಮಾತ್ರ ಕೇಳುತ್ತೆ. ಸುರಕ್ಷಿತವಾಗಿದೆಯಾ ಅಂತ ಕೇಳೋಕೆ ಅದರ ಹತ್ತಿರ ವ್ಯವಸ್ಥೆಯೇ ಇಲ್ಲ. ಪರಿಣಾಮ ಏನು? ಕೆಲಸ ನಿಲ್ಲಲಿಲ್ಲ, ಗಲ್ಲಿಗೆ ಹೋಯ್ತು. ಸಿಕ್ಕಿಬಿದ್ದರೆ ಕಿತ್ತು ಹಾಕೋಕೆ ಸುಲಭ ಆಗೋ ಅಗ್ಗದ ಸ್ಪೇಸರ್ ಗೆಲ್ಲುತ್ತೆ; ಲೆಕ್ಕ ಹಾಕಿ ಮಾಡೋ ಕೆಲಸ ಸೋಲುತ್ತೆ. ಚೆಕ್‌ಪೋಸ್ಟ್‌ನಲ್ಲಿ ಕೈ ಬಿಸಿ ಮಾಡಬಲ್ಲವರು ದಾಟಿಹೋಗ್ತಾರೆ.

ಬೇರೆ ದಾರಿ ಇದೆ. ಜರ್ಮನಿಯಲ್ಲಿ ಟಿಯುವಿ ಥರದ ಸಂಸ್ಥೆಗಳ ತಜ್ಞರು ಮಾರ್ಪಾಡನ್ನು ಪರೀಕ್ಷಿಸಿ, ಸರಿ ಇದ್ದರೆ ಗಾಡಿಯ ದಾಖಲೆಯಲ್ಲೇ ಬರೆಸ್ತಾರೆ. ಆಸ್ಟ್ರೇಲಿಯಾದಲ್ಲಿ ವಿಎಸ್‌ಬಿ 14 ಅನ್ನೋ ರಾಷ್ಟ್ರೀಯ ಸಂಹಿತೆ ಇದೆ; ದೊಡ್ಡ ಲಿಫ್ಟ್‌ಗೆ ಮಾನ್ಯತೆ ಪಡೆದ ಎಂಜಿನಿಯರ್ ಸಹಿ ಬೇಕು. ಅಷ್ಟು ದೂರ ಯಾಕೆ, ನಮ್ಮಲ್ಲೇ ಪೆಟ್ರೋಲ್ ಕಾರಿಗೆ ಸಿಎನ್‌ಜಿ ಕಿಟ್ ಹಾಕಿಸೋಕೆ ಅನುಮೋದಿತ ಕಿಟ್, ಆರ್‌ಟಿಒ ದಾಖಲೆ ಅನ್ನೋ ವ್ಯವಸ್ಥೆ ಇದೆ. ಅಂಗವಿಕಲರಿಗೆ ಹೊಂದುವಂತೆ ಗಾಡಿ ಬದಲಿಸೋಕೂ 2019ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಡಿಕ್ಕಿಯಲ್ಲಿ ಒತ್ತಡದ ಅನಿಲ ಇಟ್ಟುಕೊಂಡು ಓಡಾಡೋದನ್ನು ಪರೀಕ್ಷಿಸಿ ಒಪ್ಪಬಲ್ಲ ಸರ್ಕಾರಕ್ಕೆ ಎಂಟು ಉಕ್ಕಿನ ತೋಳುಗಳನ್ನು ಪರೀಕ್ಷಿಸೋದು ಆಗದ ಕೆಲಸವೇನಲ್ಲ.

ಅಂಥ ವ್ಯವಸ್ಥೆ ಬಂದರೆ ಮೊದಲ ಲಾಭ ಜೀಪ್ ಮಾಲೀಕರಿಗಲ್ಲ. ಎತ್ತರಕ್ಕೊಂದು ಮಿತಿ ಬರುತ್ತೆ, ತಪ್ಪು ಕೆಲಸ ರಸ್ತೆಗೆ ಬರೋ ಮುಂಚೆ ಸಿಕ್ಕಿಬೀಳುತ್ತೆ, ಬೆಸೆಯೋ ಹುಡುಗನಿಗೆ ತರಬೇತಿ, ಪ್ರಮಾಣಪತ್ರ, ಹೆಸರು ಸಿಗುತ್ತೆ. ಅಲ್ಲಿಯ ತನಕ ಯಾರಾದರೂ ತಮ್ಮ ಜೀಪು ಎತ್ತರಿಸಿದೀನಿ ಅಂತ ತೋರಿಸಿದರೆ ಎಷ್ಟು ಇಂಚು ಅಂತ ಕೇಳಬೇಡಿ. ಕ್ಯಾಸ್ಟರ್ ಎಷ್ಟಿದೆ, ಬೆಸುಗೆ ಪರೀಕ್ಷಿಸಿದ್ದು ಯಾರು ಅಂತ ಕೇಳಿ. ಇದೇ ಪ್ರಶ್ನೆಯನ್ನು ಸಾರಿಗೆ ಇಲಾಖೆಗೂ ಕೇಳಬೇಕು.