ಮುಚ್ಚಿದ ಕಿಟಕಿ

ಗಾಳಿ ಎಲ್ಲರ ಸೊತ್ತೆಂದು ಹೇಳುವುದುಂಟು. ಬಯಲಿನಲ್ಲಿ ಇದು ನಿಜ. ನಾಲ್ಕು ಗೋಡೆಗಳ ನಡುವೆಯಾದರೋ, ಒಬ್ಬನು ಬಿಟ್ಟ ಉಸಿರನ್ನು ಇನ್ನೊಬ್ಬನು ಸೇದಿಕೊಳ್ಳಬೇಕಾಗುತ್ತದೆ. ಆ ಉಸಿರಿನೊಡನೆ ಕಣ್ಣಿಗೆ ಕಾಣದ ಜೀವಿಗಳೂ ಒಡಲಿನಿಂದ ಒಡಲಿಗೆ ಸಾಗುತ್ತವೆ. ಅಂಥವುಗಳಲ್ಲಿ ಕ್ಷಯದ ರೋಗಾಣುವೂ ಒಂದು.

1882ರಲ್ಲಿ ರಾಬರ್ಟ್ ಕಾಕ್ ಬರ್ಲಿನ್ನಿನಲ್ಲಿ ಈ ರೋಗಾಣುವಿನ ಶೋಧವನ್ನು ಪ್ರಕಟಿಸಿದನು. ಅದು ಗಾಳಿಯಲ್ಲಿ ಹರಡುವುದೆಂಬುದಕ್ಕೆ ನಿಸ್ಸಂದಿಗ್ಧ ಪ್ರಮಾಣ ದೊರೆತದ್ದು ಸುಮಾರು ಮುಕ್ಕಾಲು ಶತಮಾನದ ಬಳಿಕ. ಅಮೆರಿಕದ ಬಾಲ್ಟಿಮೋರಿನ ಆಸ್ಪತ್ರೆಯೊಂದರಲ್ಲಿ ವೆಲ್ಸ್, ರೈಲಿ ಮೊದಲಾದ ವಿಜ್ಞಾನಿಗಳು ಆರು ಹಾಸಿಗೆಗಳ ಕ್ಷಯದ ವಾರ್ಡಿನ ಗಾಳಿಯನ್ನು ಕೊಳವೆಯ ಮೂಲಕ ಗಿನಿಹಂದಿಗಳ ಗೂಡಿಗೆ ಹಾಯಿಸಿದರು. ಆ ಪ್ರಾಣಿಗಳು ರೋಗಿಗಳ ಮುಖವನ್ನೂ ಕಂಡವಲ್ಲ. ಆದರೂ ಹಲವಕ್ಕೆ ಕ್ಷಯ ತಗುಲಿತು. ನೇರಿಳಾತೀತ ಕಿರಣಗಳಿಗೆ ಒಡ್ಡಿದ ಗಾಳಿಯನ್ನು ಸೇವಿಸಿದ ಪ್ರಾಣಿಗಳಿಗೆ ಮಾತ್ರ ಸೋಂಕು ತಟ್ಟಲಿಲ್ಲ.

ಇದಕ್ಕೆ ಕಾರಣವಿಷ್ಟೆ. ಕೆಮ್ಮಿನಲ್ಲಿ ಹೊಮ್ಮುವ ಹನಿಗಳಲ್ಲಿ ದೊಡ್ಡವು ನೆಲಕ್ಕೆ ಬೀಳುತ್ತವೆ. ಸಣ್ಣವು ಒಣಗಿ, ಮಿಲಿಮೀಟರಿನ ಸಾವಿರದ ಒಂದರಿಂದ ಐದು ಪಾಲಿನಷ್ಟಾಗಿ, ಗಂಟೆಗಟ್ಟಲೆ ತೇಲುತ್ತಿರುತ್ತವೆ. ಕೆಮ್ಮಿದವನು ಎದ್ದುಹೋದ ಮೇಲೂ ಕೋಣೆ ನಿರಪಾಯವಲ್ಲ.

ಪರಿಹಾರ ದುಬಾರಿಯೆ? ಪೆರು ದೇಶದ ಲಿಮಾ ನಗರದ ಆಸ್ಪತ್ರೆಗಳಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಉತ್ತರ ಕೊಡುತ್ತದೆ. ಎತ್ತರದ ಛಾವಣಿಯ, ದೊಡ್ಡ ಕಿಟಕಿಗಳ ಹಳೆಯ ಕೊಠಡಿಗಳಲ್ಲಿ ಕಿಟಕಿ ಬಾಗಿಲು ತೆರೆದಾಗ ಗಾಳಿ ಗಂಟೆಗೆ ಸುಮಾರು 40 ಸಲ ಬದಲಾಗುತ್ತಿತ್ತು. ಹೊಸ ಕೊಠಡಿಗಳಲ್ಲಿ 17 ಸಲ. ಯಂತ್ರದಿಂದ ಗಾಳಿಯಾಡಿಸಿದ ಕೊಠಡಿಗಳಲ್ಲಿ 12 ಸಲ. ಎಲ್ಲವನ್ನೂ ಮುಚ್ಚಿದಾಗಲೋ, ಎರಡು ಸಲವೂ ಇಲ್ಲ!

ಹಾಗೆಂದು ನಮ್ಮ ಹಿರಿಯರ ಮನೆಗಳೆಲ್ಲ ಆದರ್ಶವೆನ್ನುವಂತಿಲ್ಲ. ತೊಟ್ಟಿಯ ಅಂಗಳದಲ್ಲಿ ಆಕಾಶವೇ ಇಳಿದುಬರುತ್ತಿತ್ತು, ನಿಜ. ಬಾಣಂತಿಯ ಕೋಣೆಗೆ ಮಾತ್ರ ಗಾಳಿ ಸೋಕದಂತೆ ಕದವಿಕ್ಕುತ್ತಿದ್ದರು. ಇಂದು ಹವಾನಿಯಂತ್ರಣದ ನೆಪದಲ್ಲಿ ಕಚೇರಿ, ತರಗತಿಗಳಿಗೂ ಅದೇ ಕದ ಬಿದ್ದಿದೆ.

ಇನ್ನೊಂದು ಮಾತು. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾದ 1959ರಲ್ಲಿಯೇ ಮದರಾಸಿನ ಪ್ರಸಿದ್ಧ ಅಧ್ಯಯನದ ಫಲಿತಾಂಶ ಹೊರಬಂದಿತು. ಮನೆಯಲ್ಲಿದ್ದೇ ಔಷಧ ಪಡೆದ ರೋಗಿಗಳ ಮನೆಮಂದಿಗೆ, ಸ್ಯಾನಟೋರಿಯಂ ಸೇರಿದವರ ಮನೆಮಂದಿಗಿಂತ ಹೆಚ್ಚಿನ ಅಪಾಯ ಕಂಡುಬರಲಿಲ್ಲ. ಆದ್ದರಿಂದ ಅಂಜಬೇಕಾದುದು ಔಷಧ ಸೇವಿಸುತ್ತಿರುವ ರೋಗಿಗಲ್ಲ. ಯಾರೂ ಗಮನಿಸದೆ ಬಿಟ್ಟ ಕೆಮ್ಮಿಗೆ. ಕೆಮ್ಮು ಎರಡು ವಾರ ಮೀರಿದರೆ ಕಫದ ಪರೀಕ್ಷೆ ಮಾಡಿಸತಕ್ಕದ್ದು. ಉಳಿದಂತೆ, ರೋಗಿಯನ್ನು ಹೊರಗಿಡುವುದಕ್ಕಿಂತ ಗಾಳಿಯನ್ನು ಒಳಗೆ ಬಿಡುವುದೇ ಲೇಸು.