ಇಪ್ಪತ್ತು ನಿಮಿಷದ ಉಕ್ಕು, ಹತ್ತು ಗಂಟೆಯ ಉಕ್ಕು

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೂ ಉಕ್ಕು ದುಬಾರಿ ಸರಕಾಗಿತ್ತು. ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಅದನ್ನು ಮಣ್ಣಿನ ಮೂಸೆಗಳಲ್ಲಿ ಅಲ್ಪ ಪ್ರಮಾಣದಲ್ಲಿ ಕರಗಿಸಿ ತಯಾರಿಸಲಾಗುತ್ತಿದ್ದು, ಟನ್ನಿನ ಬೆಲೆ 50 ಪೌಂಡುಗಳ ಆಸುಪಾಸಿನಲ್ಲಿತ್ತು. ಚಾಕು, ಗರಗಸ, ಸ್ಪ್ರಿಂಗುಗಳಿಗೆ ಉಕ್ಕು ಬಳಕೆಯಾಗುತ್ತಿತ್ತು. ರೈಲು ಹಳಿಗಳಿಗೆ ಕಬ್ಬಿಣವೇ ಗತಿಯಾಗಿತ್ತು.

1856ರ ಆಗಸ್ಟ್ ತಿಂಗಳಲ್ಲಿ ಹೆನ್ರಿ ಬೆಸ್ಸೆಮರ್ ಚೆಲ್ಟನ್‌ಹ್ಯಾಮ್‌ನ ವಿಜ್ಞಾನ ಸಭೆಯೊಂದರಲ್ಲಿ ತನ್ನ ವಿಧಾನವನ್ನು ಪ್ರಕಟಿಸಿದನು. ಕರಗಿದ ಬೀಡುಕಬ್ಬಿಣದೊಳಗೆ ಗಾಳಿಯನ್ನು ಊದಿದರೆ ಅದರಲ್ಲಿರುವ ಇಂಗಾಲ ಹಾಗೂ ಸಿಲಿಕಾನ್ ಉರಿದುಹೋಗುತ್ತವೆ. ಆ ಉರಿಯ ಶಾಖವೇ ಲೋಹವನ್ನು ದ್ರವರೂಪದಲ್ಲಿ ಇಡುತ್ತದೆ. ಸುಮಾರು ಇಪ್ಪತ್ತು ನಿಮಿಷಗಳ ಕೆಲಸ. ಪ್ರತ್ಯೇಕ ಇಂಧನದ ಖರ್ಚಿಲ್ಲ. ಕೆಲವೇ ವಾರಗಳಲ್ಲಿ ಆತನು 27,000 ಪೌಂಡುಗಳಿಗೆ ಪರವಾನಗಿಗಳನ್ನು ಮಾರಿದನು. ಆದರೆ ಪರವಾನಗಿ ಕೊಂಡವರಿಗೆ ದೊರೆತದ್ದು ಒಡೆದುಹೋಗುವ ಲೋಹ. ಬೆಸ್ಸೆಮರನು ಪ್ರಯೋಗಕ್ಕೆ ಬಳಸಿದ್ದ ಕಬ್ಬಿಣದಲ್ಲಿ ಅದೃಷ್ಟವಶಾತ್ ರಂಜಕ ಕಡಿಮೆಯಿತ್ತು; ಇತರರ ಕಬ್ಬಿಣದಲ್ಲಿ ಹೆಚ್ಚಾಗಿತ್ತು. ಗಾಳಿಯ ಊದುವಿಕೆಯಿಂದ ರಂಜಕ ಹೊರಹೋಗುತ್ತಿರಲಿಲ್ಲ.

ಪರವಾನಗಿದಾರರ ವಿಶ್ವಾಸ ಕಳೆದುಕೊಂಡ ಬೆಸ್ಸೆಮರನು 1858ರಲ್ಲಿ ಪಾಲುದಾರರೊಡನೆ ಶೆಫೀಲ್ಡಿನಲ್ಲಿ ಸ್ವಂತ ಕಾರ್ಖಾನೆ ತೆರೆದು, ರಂಜಕರಹಿತ ಕಬ್ಬಿಣವನ್ನೇ ಬಳಸಿ, ಇತರರಿಗಿಂತ ಬಹಳ ಅಗ್ಗವಾಗಿ ಉಕ್ಕು ಮಾರತೊಡಗಿದನು. ಆತನ ಆತ್ಮಕಥೆಯ ಪ್ರಕಾರ, ಹದಿನಾಲ್ಕು ವರ್ಷಗಳಲ್ಲಿ ಲಾಭಾಂಶ ಮತ್ತು ಮಾರಾಟದ ಮೊತ್ತ ಸೇರಿ ಪಾಲುದಾರರಿಗೆ ತೊಡಗಿಸಿದ ಬಂಡವಾಳದ 81 ಪಟ್ಟು ಸಂದಿತು.

ಇಲ್ಲಿ ರಾಬರ್ಟ್ ಮುಷೆಟ್‌ನ ಪ್ರಸಂಗವನ್ನು ವರ್ತಕರು ಗಮನಿಸಬೇಕು. ಊದಿದ ಲೋಹದಲ್ಲಿ ಉಳಿಯುವ ಆಮ್ಲಜನಕದ ದೋಷವನ್ನು ಮ್ಯಾಂಗನೀಸ್‌ಯುಕ್ತ ಕಬ್ಬಿಣ ಸೇರಿಸಿ ನಿವಾರಿಸುವ ಉಪಾಯ ಆತನದು. ಅದಕ್ಕೆ ಪೇಟೆಂಟೂ ಇತ್ತು. ಆದರೆ ಪೇಟೆಂಟನ್ನು ನಿರ್ವಹಿಸುತ್ತಿದ್ದವರು 1859ರಲ್ಲಿ 50 ಪೌಂಡುಗಳ ಮುದ್ರಾಂಕ ಶುಲ್ಕವನ್ನು ಪಾವತಿಸದೆ ಹೋದುದರಿಂದ ಹಕ್ಕು ರದ್ದಾಯಿತು. ಬೆಸ್ಸೆಮರನು ಆ ಉಪಾಯವನ್ನು ರಾಯಧನವಿಲ್ಲದೆ ಬಳಸಿದನು. ಮುಂದೆ ಮುಷೆಟ್‌ಗೆ ವರ್ಷಕ್ಕೆ 300 ಪೌಂಡುಗಳನ್ನು ತಾನಾಗಿ ನೀಡತೊಡಗಿದನು.

ಪ್ರತಿಸ್ಪರ್ಧಿ ವಿಧಾನ ಬಂದದ್ದು ಸೀಮೆನ್ಸ್ ಸಹೋದರರಿಂದ. ಕುಲುಮೆಯಿಂದ ಹೊರಹೋಗುವ ಬಿಸಿ ಅನಿಲವನ್ನು ಇಟ್ಟಿಗೆಯ ಗೂಡುಗಳ ಮೂಲಕ ಹಾಯಿಸಿ, ಆ ಶಾಖದಿಂದಲೇ ಒಳಬರುವ ಗಾಳಿ ಮತ್ತು ಅನಿಲವನ್ನು ಕಾಯಿಸುವುದು ಅವರ ತಂತ್ರ. ಫ್ರಾನ್ಸಿನ ಪಿಯರ್ ಮಾರ್ಟಿನ್ 1865ರಲ್ಲಿ ಈ ಕುಲುಮೆಯಲ್ಲಿ ಬೀಡುಕಬ್ಬಿಣದೊಡನೆ ಗುಜರಿಯನ್ನೂ ಕರಗಿಸಿ ಉಕ್ಕು ತಯಾರಿಸಿದನು. ಒಂದು ಸರದಿಗೆ ಎಂಟರಿಂದ ಹನ್ನೆರಡು ಗಂಟೆ ಬೇಕು; ಕಲ್ಲಿದ್ದಲಿನ ವೆಚ್ಚವೂ ಉಂಟು.

ಖರ್ಚಿನ ಪಟ್ಟಿಯನ್ನಷ್ಟೇ ನೋಡಿದವರು ಬೆಸ್ಸೆಮರ್ ವಿಧಾನವನ್ನೇ ಆರಿಸುತ್ತಿದ್ದರು. ಆದರೆ ಅಲ್ಲಿ ಜ್ವಾಲೆಯ ಬಣ್ಣ ನೋಡಿ ಊದುವುದನ್ನು ನಿಲ್ಲಿಸಬೇಕಿತ್ತು, ಪರೀಕ್ಷೆಗೆ ವ್ಯವಧಾನವಿರಲಿಲ್ಲ. ಗಾಳಿಯ ಸಾರಜನಕವೂ ಲೋಹದಲ್ಲಿ ಉಳಿದು ಅದನ್ನು ಪೆಡಸಾಗಿಸುತ್ತಿತ್ತು. ಸೀಮೆನ್ಸ್ ಕುಲುಮೆಯಲ್ಲಾದರೋ ನಡುನಡುವೆ ಮಾದರಿ ತೆಗೆದು, ಪರೀಕ್ಷಿಸಿ, ಮಿಶ್ರಣವನ್ನು ತಿದ್ದಬಹುದಿತ್ತು. ಹಳಿ ಕೊಳ್ಳುವವರಿಗೆ ಬೆಲೆ ಮುಖ್ಯವಾದರೆ, ಹಡಗು ಮತ್ತು ಸೇತುವೆ ಕಟ್ಟುವವರಿಗೆ ಪ್ರತಿ ತಗಡೂ ಒಂದೇ ಗುಣಮಟ್ಟದ್ದಾಗಿರಬೇಕಿತ್ತು. ಬ್ರಿಟಿಷ್ ನೌಕಾಪಡೆ 1870ರ ದಶಕದಲ್ಲಿ ‘ಐರಿಸ್’ ಹಡಗಿಗೆ ಸೀಮೆನ್ಸ್ ಉಕ್ಕನ್ನೇ ಆರಿಸಿತು. 1890ರಲ್ಲಿ ಪೂರ್ಣಗೊಂಡ ಸ್ಕಾಟ್ಲೆಂಡಿನ ಫೋರ್ತ್ ಸೇತುವೆಗೆ ಬಳಸಿದ 50,000 ಟನ್ನಿಗೂ ಮೀರಿದ ಉಕ್ಕು ಇದೇ ವಿಧಾನದ್ದು.

ರಂಜಕದ ಸಮಸ್ಯೆಯನ್ನು ಬಿಡಿಸಿದವನು ಲಂಡನ್ನಿನ ಪೊಲೀಸ್ ನ್ಯಾಯಾಲಯವೊಂದರ ಗುಮಾಸ್ತ, ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್. ಆತನೂ ಸೋದರ ಸಂಬಂಧಿ ಪರ್ಸಿ ಗಿಲ್‌ಕ್ರಿಸ್ಟನೂ ಪಾತ್ರೆಯ ಒಳಮೈಗೆ ಸುಣ್ಣ ಪ್ರಧಾನವಾದ ಇಟ್ಟಿಗೆ ಹೊದಿಸಿ, ಸುಣ್ಣವನ್ನೂ ಬೆರೆಸಿದಾಗ ರಂಜಕವು ಕಿಟ್ಟದೊಳಗೆ ಸೇರಿತು. 1879ರಲ್ಲಿ ಮಿಡಲ್ಸ್‌ಬರೋದಲ್ಲಿ ನಡೆದ ಪ್ರಾತ್ಯಕ್ಷಿಕೆಯ ನಂತರ ರಂಜಕ ಹೆಚ್ಚಿದ್ದ ಲೊರೇನ್ ಪ್ರದೇಶದ ಅದಿರಿಗೆ ಬೆಲೆ ಬಂದಿತು. ಇದರ ದೊಡ್ಡ ಲಾಭ ಜರ್ಮನಿಗೆ. ಕಿಟ್ಟವನ್ನೂ ಪುಡಿಮಾಡಿ ಗೊಬ್ಬರವಾಗಿ ಮಾರಿದರು. ಸುಣ್ಣದ ಹೊದಿಕೆ ಸೀಮೆನ್ಸ್ ಕುಲುಮೆಗೂ ಒಗ್ಗಿದ್ದರಿಂದ ಬೆಸ್ಸೆಮರ್ ವಿಧಾನಕ್ಕೆ ಇದರಿಂದ ಶಾಶ್ವತ ಮೇಲುಗೈ ದೊರೆಯಲಿಲ್ಲ.

ಬ್ರಿಟನ್ನಿನಲ್ಲಿ 1890ರ ದಶಕದಲ್ಲಿ, ಅಮೆರಿಕದಲ್ಲಿ 1908ರಲ್ಲಿ ನಿಧಾನದ ಕುಲುಮೆಯ ಉತ್ಪಾದನೆ ಬೆಸ್ಸೆಮರ್ ಉಕ್ಕನ್ನು ಹಿಂದಿಕ್ಕಿತು. ಆ ಹೊತ್ತಿಗೆ ಸವೆದು ಕಿತ್ತುಹಾಕಿದ ಬೆಸ್ಸೆಮರ್ ಹಳಿಗಳು ಗುಜರಿಯಾಗಿ ಅದೇ ಕುಲುಮೆಗಳನ್ನು ಸೇರುತ್ತಿದ್ದವು.